ಎಟ್ನಾ ನೋಡ್ಲಿಕ್ಕೆ ಹೋಗುವವರೇ, ಗುಡ್ಡೆ ಹತ್ತುವ ದಿನ ಊರಿಂದಲೇ ಫಿಕ್ಸ್ ಮಾಡ್ಬೇಡಿ

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಿ ಬಂದ ಮೇಲೆ ಬದಿಯಡ್ಕ, ನೀರ್ಚಾಲು ಕಡೆಯ ನಾಲ್ಕೈದು ಜನ ಫೋನ್ ಮಾಡಿ ಕೇಳಿದ್ರು, ಎಟ್ನಾ ಅಂತ ಬೆಂಕಿ ಉಗುಳುವ ಗುಡ್ಡೆಯ ಹತ್ರ ಹೋಗ್ಲಿಕ್ಕೆ ಬಿಡ್ತಾರಾ, ಎಷ್ಟು ದಿನ ಬೇಕು, ಸಸ್ಯಾಹಾರಿಗಳಿಗೆ ಊಟ ಸಿಗ್ತದಾ ಅಂತ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡ್ತೇನೆ.

ಕತಾನಿಯಾ ಅಂತ ಕಡಲ ಬದಿಯ ಪೇಟೆ, ಅಲ್ಲಿ ಕಡಿಮೆ ಅಂದ್ರೂ ನಾಲ್ಕು ರಾತ್ರಿ ರೂಮ್ ಹಿಡೀರಿ. ಬೆಳಿಗ್ಗೆ ಎದ್ದ ಕೂಡ್ಲೇ ಗುಡ್ಡೆ ಕಡೆ ನೋಡುದು, ತುದಿ ಸರಿ ಕಾಣ್ತಾ ಉಂಟಾ, ಹೊಗೆ ಎಷ್ಟು ವಾಲಿದೆ, ಅದನ್ನು ನೋಡಿ ಅವತ್ತು ಮೇಲೆ ಹೋಗುದಾ ಕಡಲ ಬದಿಗೆ ಹೋಗುದಾ ಅಂತ ತೀರ್ಮಾನ ಮಾಡುದು. ನಾನೂ ಭಾವನೂ ಮೊದಲ ದಿನವೇ ಹೊರಟವರು, ಮೇಲೆ ಮುಟ್ಟುವಾಗ ಗಾಳಿ ಜೋರು, ರೋಪ್‌ವೇ ಬಂದ್, ಇಡೀ ದಿನ ಹೋಯ್ತು. ಮೂರನೇ ದಿನ ಆಕಾಶ ಬಿಚ್ಚಿತು, ಆವಾಗಲೇ ಗುಡ್ಡೆ ಸರಿಯಾಗಿ ನೋಡಿದ್ದು.

ಹೋಗುವ ವಿಷಯ ಬೇಗ ಹೇಳ್ತೇನೆ. ಶೆಂಗೆನ್ ವೀಸಾ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ಪ್ರಯಾಣಕ್ಕೆ 6 ತಿಂಗಳ ಮೊದಲಿಂದ ಅರ್ಜಿ ಹಾಕ್ಬಹುದು, 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ. ಮಂಗಳೂರೋ ಕಣ್ಣೂರೋ ಅಲ್ಲಿಂದ ಗಲ್ಫ್, ಗಲ್ಫಿಂದ ರೋಮ್, ರೋಮಿಂದ ಕತಾನಿಯಾಕ್ಕೆ ಒಂದೂವರೆ ಗಂಟೆಯ ಫ್ಲೈಟ್. ಸಮಯ ಇದ್ರೆ ರೈಲಲ್ಲೂ ಹೋಗ್ಬಹುದು, ಮೆಸ್ಸೀನಾ ಜಲಸಂಧಿಯಲ್ಲಿ ರೈಲಿನ ಬೋಗಿಗಳನ್ನೇ ಹಡಗಿನೊಳಗೆ ಹತ್ತಿಸಿ ಆಚೆ ದಾಟಿಸ್ತಾರೆ. ವಾಪಸ್ ಬರುವಾಗ ಮಾತ್ರ ಜಾಗ್ರತೆ, ಗುಡ್ಡೆಯ ಬೂದಿ ಹಾರಿದ್ರೆ ಕತಾನಿಯಾ ಏರ್‌ಪೋರ್ಟನ್ನೇ ಬಂದ್ ಮಾಡುದುಂಟು, ಹಾಗಾಗಿ ಊರಿನ ಫ್ಲೈಟಿಗೆ ಒಂದು ದಿನ ಮೊದಲೇ ರೋಮ್ ಸೇರಿಬಿಡಿ.

ಗುಡ್ಡೆಗೆ ಕತಾನಿಯಾ ರೈಲ್ವೆ ಸ್ಟೇಷನ್ ಎದುರಿಂದ ಬೆಳಿಗ್ಗೆ ಬಸ್ ಉಂಟು, ಮಧ್ಯಾಹ್ನ ಕಳೆದು ಅದೇ ವಾಪಸ್, ಅದು ತಪ್ಪಿದ್ರೆ ಟ್ಯಾಕ್ಸಿಗೆ ತುಂಬ ದುಡ್ಡು. ಬಸ್ ನಿಲ್ಲುದು ರಿಫೂಜೊ ಸಪಿಯೆಂತ್ಸಾದಲ್ಲಿ, ಸುಮಾರು 1,900 ಮೀಟರ್ ಎತ್ತರ. ಅಲ್ಲಿಂದ ರೋಪ್‌ವೇ 2,500 ಮೀಟರ್‌ವರೆಗೆ, ಅದರ ಮೇಲೆ ದೊಡ್ಡ ಚಕ್ರದ ಬಸ್ಸೂ ಗೈಡೂ. ಗೈಡ್ ಇಲ್ಲದೆ ತುದಿ ಕಡೆ ಹೋಗ್ಲೇಬೇಡಿ ಮಾರಾಯ್ರೆ. 2025ರ ಜೂನ್ 2ಕ್ಕೆ ತುದಿಯ ಆಗ್ನೇಯ ಬಾಯಿಯ (ಬೆಂಕಿ ಉಕ್ಕುವ ಕುಳಿಯ) ಒಂದು ಬದಿ ಕುಸಿದು ಬಿಸಿ ಬೂದಿಯ ಮೋಡ ಇಳಿದಾಗ ಜನ ಓಡಿ ಇಳಿದ ವಿಡಿಯೋ ನೀವೂ ನೋಡಿರ್ತೀರಿ. ಎಲ್ಲಿವರೆಗೆ ಬಿಡ್ತಾರೆ ಅನ್ನುದು ಗುಡ್ಡೆಯ ಸ್ಥಿತಿ ನೋಡಿ ಬದಲಾಗ್ತಾ ಇರ್ತದೆ, ಗೈಡ್ ಬೇಡ ಅಂದ್ರೆ ಬೇಡ. ತುದಿ ಕಡೆ ಹೋಗ್ಲಿಕ್ಕೆ ಮನಸ್ಸಿಲ್ಲದವರಿಗೆ ಬಸ್ ನಿಲ್ಲುವಲ್ಲೇ ಸಿಲ್ವೆಸ್ತ್ರಿ ಅಂತ 1892ರಲ್ಲಿ ಉಕ್ಕಿದ ಕುಳಿಗಳುಂಟು, ಅದರ ಸುತ್ತ ನಡೆದ್ರೂ ಮನಸ್ಸು ತುಂಬ್ತದೆ.

ಕೆಳಗೆ ಕಡಲ ಬದಿಯಲ್ಲಿ ಬೆವರುವ ದಿನವೂ ಮೇಲೆ ಸ್ವೆಟರ್ ಬೇಕು, ಸಾವಿರ ಮೀಟರ್ ಏರಿದ್ರೆ ಆರೇಳು ಡಿಗ್ರಿ ಇಳೀತದೆ. ಚಪ್ಪಲಿ ನಡೆಯುದಿಲ್ಲ, ಪಾದ ಮುಚ್ಚುವ ಗಟ್ಟಿ ಶೂ ಹಾಕಿ. ಕಣ್ಣಿಗೆ ಕನ್ನಡಕ, ಮೂಗಿಗೆ ಒಂದು ಶಾಲು. ಆಸ್ತಮಾ ಇರುವವರು ಮೇಲಿನ ಭಾಗ ಬಿಡುದೇ ಒಳ್ಳೇದು. ಅಲ್ಲಿ ಒಂದು ಲಾವಾ ಕಲ್ಲು ಕೈಗೆ ತೆಗೊಂಡು ನೋಡಿ, ನಮ್ಮ ಕೆಂಪುಕಲ್ಲಿನ ಹಾಗೆ ಮೈಯೆಲ್ಲಾ ತೂತು, ಆದ್ರೆ ಇದ್ದಿಲಿನ ಹಾಗೆ ಕಪ್ಪು, ಮತ್ತೆ ನೋಡಿದ್ರೆ ಅನಿಸುವಷ್ಟು ಭಾರವೇ ಇಲ್ಲ. ಗ್ಯಾಸಿನ ಗುಳ್ಳೆಗಳು ಇರುವಾಗಲೇ ಕಲ್ಲು ತಣಿದದ್ದು. ನೋಡಿ ಅಲ್ಲೇ ಇಡಿ, ತರ್ಬೇಡಿ.

ನನಗೆ ಗುಡ್ಡೆಗಿಂತ ಹೆಚ್ಚು ಮನಸ್ಸಲ್ಲಿ ಉಳಿದದ್ದು ಪೇಟೆಯ ಒಳಗಿನ ಕಾಸ್ತೆಲ್ಲೊ ಉರ್ಸೀನೊ ಕೋಟೆ. 13ನೇ ಶತಮಾನದಲ್ಲಿ ಅದನ್ನು ಕಟ್ಟಿದ್ದು ಕಡಲ ದಡದಲ್ಲಿ. 1669ರಲ್ಲಿ ಲಾವಾ ಇಳಿದು ಬಂದು ಕೋಟೆಯ ಸುತ್ತ ಹರಿದು ಕಡಲನ್ನೇ ತುಂಬಿಸಿತು, ಈಗ ಕೋಟೆಯಿಂದ ನೀರಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ನಮ್ಮ ಬೇಕಲ ಕೋಟೆಯ ಬುಡಕ್ಕೆ ಅಲೆ ಹೊಡೀತದಲ್ಲ, ಆ ಕಡಲು ಹಿಂದೆ ಸರಿದು ನಡುವೆ ರಸ್ತೆ, ಮನೆ, ಅಂಗಡಿ ಎದ್ದ ಹಾಗೆ ಯೋಚನೆ ಮಾಡಿ ನೋಡಿ. 1693ರ ಭೂಕಂಪದಲ್ಲಿ ಊರು ಹೆಚ್ಚು ಕಡಿಮೆ ಪೂರ್ತಿ ಬಿತ್ತು, ಮತ್ತೆ ಕಟ್ಟಿದ್ದು ಅದೇ ಕಪ್ಪು ಕಲ್ಲಲ್ಲಿ, ಚೌಕದಲ್ಲಿರುವ ಆನೆಯೂ ಲಾವಾ ಕಲ್ಲಿನದ್ದೇ. ಅದರ ಹಿಂದೆಯೇ ಮೀನು ಮಾರ್ಕೆಟ್, ಬೆಳಿಗ್ಗೆಯೇ ಹೋಗ್ಬೇಕು, ನೆಲ ಒದ್ದೆ ಇರ್ತದೆ ಜಾರ್ತದೆ.

ಆಚಿ ತ್ರೆತ್ಸಾ ಅಂತ ಕಡಲ ಬದಿಯ ಊರಿಗೆ ಸಿಟಿ ಬಸ್ ಉಂಟು, ನೀರಿನ ನಡುವೆ ಕಪ್ಪು ಬಂಡೆಗಳು ನಿಂತಿವೆ, ಒಕ್ಕಣ್ಣಿನ ರಾಕ್ಷಸ ಗ್ರೀಕ್ ಪುರಾಣದ ವೀರ ಒಡಿಸಿಯಸ್‌ನ ಹಡಗಿಗೆ ಎಸೆದದ್ದು ಅಂತ ಅಲ್ಲಿಯ ಕಥೆ. ಹೋಗುವ ಮೊದಲು ಮಲ್ಪೆಯ ಸೈಂಟ್ ಮೇರಿಸ್ ದ್ವೀಪ ಒಮ್ಮೆ ನೋಡಿಕೊಂಡು ಹೋಗಿ, ಅಲ್ಲಿಯ ಕಂಬಗಲ್ಲೂ ಲಾವಾ ತಣಿದು ಆದದ್ದೇ, ಎರಡನ್ನೂ ನೋಡಿದವರಿಗೆ ಅಲ್ಲಿ ನಿಂತಾಗ ಬೇರೆಯೇ ಖುಷಿ. ತಾಓರ್ಮಿನಾಕ್ಕೆ ರೈಲು, ಸ್ಟೇಷನ್ ಕೆಳಗೆ, ಊರು ಮೇಲೆ. ಗ್ರೀಕರ ಕಾಲದ ರಂಗಮಂದಿರದ ಹಿಂದೆ ಎಟ್ನಾ ಕಾಣ್ತದೆ. ರೂಮ್ ರೇಟ್ ಜಾಸ್ತಿ, ಹೋಗಿ ಸಂಜೆ ವಾಪಸ್ ಬನ್ನಿ.

ಊಟಕ್ಕೆ ಹೆದರ್ಬೇಡಿ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಅಂದ್ರೆ ಮಾಂಸ ಬೇಡ ಮೀನು ಬೇಡ ಅಂತ. ಪಾಸ್ತಾ ಅಲ್ಲಾ ನೋರ್ಮಾ ಕೇಳಿ, ಬದನೆ, ಟೊಮೆಟೊ, ಉಪ್ಪು ಹಾಕಿದ ಚೀಸ್ ಹಾಕಿ ಮಾಡುದು. ಬೆಳಿಗ್ಗೆ ಬಾದಾಮಿಯ ಗ್ರಾನೀತಾ, ಅಂದ್ರೆ ಹುಡಿ ಐಸಿನ ಹಾಗಿನ ತಂಪು ಸಿಹಿ. ಮತ್ತೆ ರಸ್ತೆ ಬದಿಯ ಗೂಡಂಗಡಿಯಲ್ಲಿ ಲಿಂಬೆ ಹಿಂಡಿ ಉಪ್ಪು ಹಾಕಿ ಸೋಡ ಬಿಟ್ಟು ಕೊಡ್ತಾರೆ, ನೊರೆ ಉಕ್ಕುವಾಗಲೇ ಕುಡೀಬೇಕು, ನಮ್ಮ ಕಾಸರಗೋಡಿನ ಉಪ್ಪುಸೋಡವೇ ಅದು. ಗುಡ್ಡೆಯಿಂದ ಇಳಿದ ಸಂಜೆ ಒಂದು ಗ್ಲಾಸ್ ಕುಡೀರಿ, ಗಂಟಲಲ್ಲಿ ಕೂತ ಕಪ್ಪು ಹುಡಿಯೆಲ್ಲಾ ಇಳೀತದೆ.