ತೋಟದ ಏರು, ಕಾದ ಗೇರ್‌ಬಾಕ್ಸು, ನಾನೇ ಕೂರಿಸಿದ ಕೂಲರ್

ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಕಾಫಿ ತೋಟ. ಹಳ್ಳದ ಪಕ್ಕದ ತುಂಡಿನಿಂದ ಮೇಲಿನ ಕಣಕ್ಕೆ ಒಂದೂವರೆ ಕಿಲೋಮೀಟರ್ ಏರು, ನಡುವೆ ಎರಡು ಕಡಿದಾದ ತಿರುವು. ರೋಬಸ್ಟಾ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಮೂಟೆ ತುಂಬಿದ ಟ್ರೈಲರ್ ಎಳೆದುಕೊಂಡು ದಿನಕ್ಕೆ ಆರೇಳು ಸಲ ಈ ಏರು ಹತ್ತಬೇಕು. ಆ ಹೊತ್ತಿಗೆ ಟ್ರ್ಯಾಕ್ಟರ್ ಕೆರೆ ದಂಡೆಯಲ್ಲಿ ಸ್ಪ್ರಿಂಕ್ಲರ್ ಪಂಪಿಗೆ ಕೂತಿರುತ್ತದೆ. ಎಳೆಯುವ ಕೆಲಸವೆಲ್ಲ ನನ್ನ ಹಳೆಯ ಫೋರ್ ಬೈ ಫೋರ್‌ದು. ಡೀಸೆಲ್ ಎಂಜಿನ್, 5 ಗೇರಿನ ಆಟೋಮ್ಯಾಟಿಕ್.

ಎರಡು ವರ್ಷದ ಹಿಂದೆ ಫೆಬ್ರವರಿಯ ಒಂದು ಮಧ್ಯಾಹ್ನ, ಎರಡನೇ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಒಂದು ಕ್ಷಣ ಅಷ್ಟೇ. ಆಮೇಲೆ ಹಿಡಿದುಕೊಂಡಿತು. ಕಣದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದಾಗ ಸುಟ್ಟ ವಾಸನೆ. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ. ಒಳ್ಳೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿ ಹರಡಿಕೊಳ್ಳುತ್ತದೆ. ಇದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಹನಿಯ ನಡುವೆ ಕಪ್ಪು ಚುಕ್ಕೆ ನಿಂತಿತು. ಕ್ಲಚ್ ಪ್ಲೇಟಿನ ಪುಡಿ ಅದು. ಆವತ್ತೇ ಟ್ರೈಲರ್ ಕಳಚಿದೆ.

ಇಂಥ ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಕಡೆಯ ರೆಕ್ಕೆ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆ ಇನ್ನೊಂದು ಕಡೆಯ ರೆಕ್ಕೆಯನ್ನು ತಿರುಗಿಸುತ್ತದೆ. ಹೈವೇಯಲ್ಲಿ ಓಡುವಾಗ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಒಂದು ಮಾಡಿಬಿಡುತ್ತದೆ, ಅಲ್ಲಿ ಬಿಸಿ ಕಡಿಮೆ. ನಡೆಯುವ ವೇಗದಲ್ಲಿ ಭಾರ ಎಳೆಯುವಾಗ ಲಾಕ್ ಆಗುವುದೇ ಇಲ್ಲ. ಎಣ್ಣೆ ಸುಮ್ನೆ ಕಡೆಯುತ್ತಲೇ ಇರುತ್ತದೆ, ಕಡೆದಷ್ಟೂ ಕಾಯುತ್ತದೆ. ಆ ವೇಗದಲ್ಲಿ ಮುಂದಿನಿಂದ ಗಾಳಿಯೂ ಬರುವುದಿಲ್ಲ. ಈ ಎಣ್ಣೆಯನ್ನು ತಣಿಸಲು ಕಂಪನಿ ಕೊಟ್ಟ ಕೂಲರ್ ರೇಡಿಯೇಟರಿನ ಟ್ಯಾಂಕಿನೊಳಗೇ ಇರುವುದರಿಂದ, ಅದು ಎಣ್ಣೆಯನ್ನು ಎಂಜಿನ್ ನೀರಿನ ಬಿಸಿಗಿಂತ ಕೆಳಗೆ ಇಳಿಸಲಾರದು.

80ರಿಂದ 95 ಡಿಗ್ರಿ ಎಣ್ಣೆಗೆ ಹಿತ. ಅದಕ್ಕಿಂತ ಮೇಲೆ ಪ್ರತಿ 10-11 ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎನ್ನುವುದು ಗೇರ್‌ಬಾಕ್ಸ್ ಕೆಲಸದವರ ಅಂದಾಜಿನ ಲೆಕ್ಕ. 115 ದಾಟಿದರೆ ಒಳಗೆ ಅಂಟು ಕಟ್ಟಲು ಶುರು. 125ರ ಆಚೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ.

ಗೇರ್‌ಬಾಕ್ಸಿನ ಅಡಿಯ ಎಣ್ಣೆ ತಟ್ಟೆ (ಪ್ಯಾನ್) ಬಿಚ್ಚಿ ಫಿಲ್ಟರ್ ಬದಲಿಸಿ ಎಣ್ಣೆ ಇಳಿಸಿದೆ. ಒಂದು ಸಲ ಇಳಿಸಿದರೆ ಅರ್ಧವೂ ಬರುವುದಿಲ್ಲ, ಉಳಿದದ್ದು ಕನ್ವರ್ಟರ್‌ನೊಳಗೇ ನಿಂತಿರುತ್ತದೆ. ಹಾಗಾಗಿ ನಡುನಡುವೆ ಗಾಡಿ ಓಡಿಸಿ ಮೂರು ಸಲ ಇಳಿಸಿ ತುಂಬಿದೆ. ಜಾರುವುದು ನಿಂತಿತು. ಇನ್ನು ಹೆಚ್ಚುವರಿ ಕೂಲರ್ ಒಂದನ್ನು ಹಾಕಿಸಿದರೆ ಮುಗಿಯಿತು ಅಂದುಕೊಂಡು ಒಂದು ಗ್ಯಾರೇಜಿಗೆ ಕೊಟ್ಟೆ. ಅಲ್ಲಿ ಅರ್ಧ ದಿನದಲ್ಲಿ ಕೆಲಸ ಮುಗಿಸಿದರು.

ಹನ್ನೊಂದು ದಿನಕ್ಕೆ ಏರಿನ ಕೆಂಪು ಮಣ್ಣಿನ ಮೇಲೆ ಎಣ್ಣೆಯ ಗೆರೆ ಕಂಡಿತು. ಗ್ರಿಲ್ ಬಿಚ್ಚಿ ನೋಡಿದರೆ ಹೊಟ್ಟೆ ಉರಿಯಿತು. ಹಾಕಿದ್ದು ಎಟಿಎಫ್‌ನ ಹೋಸೇ ಅಲ್ಲ, ಡೀಸೆಲ್ ಪೈಪು. ಅದು ಬಿಸಿಗೆ ಉಬ್ಬಿ ಮೆತ್ತಗಾಗಿತ್ತು. ಎಣ್ಣೆ ಹರಿಯುವ ಕಬ್ಬಿಣದ ಲೈನನ್ನು ಗರಗಸದಲ್ಲಿ ಕತ್ತರಿಸಿ, ಹೋಸ್ ಜಾರದಂತೆ ತಡೆಯುವ ಉಬ್ಬನ್ನು ತುದಿಗೆ ಮಾಡದೆ ಹಾಗೇ ಹೋಸ್ ತೂರಿಸಿದ್ದರು. ಕೂಲರನ್ನು ಎಸಿ ಕಂಡೆನ್ಸರಿಗೆ ಒತ್ತಿ, ಫಿನ್ನುಗಳ ನಡುವೆ ಪ್ಲಾಸ್ಟಿಕ್ ಟೈ ಹಾಯಿಸಿ ಕಟ್ಟಿದ್ದರು. ಗಾಡಿ ಅಲುಗಿದಂತೆಲ್ಲ ಟೈ ಉಜ್ಜಿ, ಕಂಡೆನ್ಸರಿನ ಕೊಳವೆಯ ಮೇಲೆ ಹೊಳೆಯುವ ಗೀರು ಬಿದ್ದಿತ್ತು. ಇನ್ನೊಂದು ತಿಂಗಳು ಹೋಗಿದ್ದರೆ ಎಸಿ ಗ್ಯಾಸೂ ಹೋಗುತ್ತಿತ್ತು. ಪೂರ್ತಿ ಬಿಚ್ಚಿ ನಾನೇ ಮಾಡಲು ಕೂತೆ.

ಮೊದಲು ಮಾಡಿದ್ದು ಅಳತೆ. ಇದನ್ನು ಮೊದಲೇ ಮಾಡಬೇಕಿತ್ತು. ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಹಾಕಿ ಫೋನಿನಲ್ಲಿ ಎಟಿಎಫ್ ಬಿಸಿ ನೋಡಿದೆ. ಎಲ್ಲ ಗಾಡಿಯೂ ಈ ಲೆಕ್ಕ ಕೊಡುವುದಿಲ್ಲ. ಕೊಡದಿದ್ದರೆ ಗೇರ್‌ಬಾಕ್ಸಿನಿಂದ ಹೊರಬರುವ ಲೈನಿಗೆ ಒಂದು ಸೆನ್ಸರ್ ಹಾಕಿಕೊಳ್ಳಬೇಕು. ಹೆಚ್ಚುವರಿ ಕೂಲರ್ ಇಲ್ಲದೆ, ಅರ್ಧ ಭಾರದ ಟ್ರೈಲರ್‌ನೊಂದಿಗೆ, ಹೈ ರೇಂಜಿನಲ್ಲಿ, ಅಂದರೆ ಮಾಮೂಲಿ ಓಡಾಟದ ಗೇರುಗಳಲ್ಲಿ, ಏರು ಹತ್ತಿದಾಗ 124 ತೋರಿಸಿತು. ಅಲ್ಲೇ ನಿಲ್ಲಿಸಿದೆ. ಮಾರನೇ ದಿನ ಅದೇ ಭಾರ, ಅದೇ ಏರು, ಆದರೆ ಲೋ ರೇಂಜ್, ಅಂದರೆ ಫೋರ್ ಬೈ ಫೋರ್‌ನ ನಿಧಾನದ, ಹೆಚ್ಚು ಎಳೆತದ ಗೇರು. 109! ಒಂದು ಲಿವರ್ ಎಳೆದದ್ದಕ್ಕೆ 15 ಡಿಗ್ರಿ ಕಡಿಮೆ. ಲೋ ರೇಂಜಿನಲ್ಲಿ ಎಂಜಿನ್ ಸಲೀಸಾಗಿ ತಿರುಗುತ್ತದೆ, ಕನ್ವರ್ಟರ್ ಜಾರುವುದು ಕಡಿಮೆಯಾಗುತ್ತದೆ. ಕೂಲರ್‌ಗೆ ದುಡ್ಡು ಹಾಕುವ ಮುಂಚೆ ಎಲ್ಲರೂ ಇದನ್ನು ನೋಡಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆದರೂ 109 ದಿನಕ್ಕೆ ಆರೇಳು ಸಲ ಅಂದರೆ ಜಾಸ್ತಿಯೇ, ಅಲ್ವಾ?

ಸಾಮಾನು ಬೆಂಗಳೂರಿನ ಜೆಸಿ ರೋಡಿನಲ್ಲಿ ಸಿಕ್ಕಿತು. ಹೋಸ್ ಹುಡುಕುವುದಕ್ಕೇ ಇಡೀ ಬೆಳಿಗ್ಗೆ ಹೋಯಿತು. ಮೈಮೇಲೆ ಎಸ್‌ಎಇ ಜೆ1532 ಎಂದು ಅಚ್ಚಾಗಿರುವ ಹೋಸೇ ಬೇಕು, ಅದು ಟ್ರಾನ್ಸ್‌ಮಿಷನ್ ಎಣ್ಣೆಗೆಂದೇ ಮಾಡಿದ್ದು. ‘ಎಲ್ಲ ಒಂದೇ ಸಾರ್’ ಅನ್ನುವ ಅಂಗಡಿಯಿಂದ ಎದ್ದು ಬಂದೆ. ಕೂಲರ್ ತಟ್ಟೆ ಜೋಡಿಸಿದ ಥರದ್ದು, ಸ್ಟ್ಯಾಕ್ಡ್ ಪ್ಲೇಟ್ ಅಂತಾರೆ. ಕೊಳವೆ ಸುತ್ತಿದ ಹಳೆ ಥರದ್ದಕ್ಕಿಂತ ಅದೇ ಅಳತೆಯಲ್ಲಿ ಜಾಸ್ತಿ ಬಿಸಿ ಕಳೆಯುತ್ತದೆ. ಜೊತೆಗೆ 9 ಇಂಚಿನ ಎಲೆಕ್ಟ್ರಿಕ್ ಫ್ಯಾನ್, ರಿಲೇ, ಫ್ಯೂಸ್, 80 ಡಿಗ್ರಿಗೆ ಆನ್ ಆಗುವ ಥರ್ಮಲ್ ಸ್ವಿಚ್.

ಎರಡು ಲೈನಿನಲ್ಲಿ ಯಾವುದು ಹೋಗುವುದು, ಯಾವುದು ವಾಪಸ್ ಬರುವುದು ಎಂದು ತಿಳಿಯಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಎರಡರ ಮೇಲೂ ಬೆರಳಿಟ್ಟೆ. ಮೊದಲು ಬೆಚ್ಚಗಾದದ್ದು ಗೇರ್‌ಬಾಕ್ಸಿನಿಂದ ಹೊರಬರುವ ಲೈನು. ಇನ್ನೊಂದಕ್ಕೆ ಬಿಳಿ ಪೇಂಟ್ ಹಚ್ಚಿದೆ. ಎಣ್ಣೆ ಮೊದಲು ರೇಡಿಯೇಟರಿಗೆ ಹೋಗಿ, ಆಮೇಲೆ ಹೊಸ ಕೂಲರಿಗೆ ಬಂದು, ಅಲ್ಲಿಂದ ಗೇರ್‌ಬಾಕ್ಸಿಗೆ ಮರಳಬೇಕು. ರೇಡಿಯೇಟರನ್ನು ಬಿಟ್ಟು ಬರೀ ಹೊಸದಕ್ಕೆ ಜೋಡಿಸಿ ಎಂದು ಹೇಳಿದವರಿದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಒಳ್ಳೇ ಚಳಿ. ಎಣ್ಣೆ ಬೇಗ ಹದಕ್ಕೆ ಬರಲು ರೇಡಿಯೇಟರಿನ ಬಿಸಿನೀರೇ ಸಹಾಯ ಮಾಡುವುದು.

ಕತ್ತರಿಸಿದ ಲೈನಿನ ತುದಿಗೆ ಉಬ್ಬು ಮಾಡುವುದೇ ಇಡೀ ಕೆಲಸದ ಜೀವ. ಪೈಪ್ ಕಟ್ಟರಿನಲ್ಲಿ ನೇರವಾಗಿ ಕತ್ತರಿಸಿ, ಒಳಗಿನ ಚೂರು ಕೆರೆದು ತೆಗೆದೆ. ಫ್ಲೇರಿಂಗ್ ಟೂಲಿನಲ್ಲಿ ಹಿಡಿದು, ಪೂರ್ತಿ ಮಡಿಸದೆ ಅರ್ಧಕ್ಕೇ ನಿಲ್ಲಿಸಿದೆ. ತುದಿಯ ಸುತ್ತ ಒಂದು ಬಳೆಯಂಥ ಉಬ್ಬು ಏಳುತ್ತದೆ. ಹೋಸ್ ಅದನ್ನು ದಾಟಿ ಕೂತಮೇಲೆ, ಉಬ್ಬಿನ ಹಿಂದೆ ಎರಡು ಕ್ಲಾಂಪ್. ಹಲ್ಲು ರಬ್ಬರನ್ನು ಕಡಿಯುವ ಸಾದಾ ಕ್ಲಾಂಪ್ ಬೇಡ, ಫ್ಯೂಯಲ್ ಇಂಜೆಕ್ಷನ್ ಲೈನಿಗೆ ಬಳಸುವ ನುಣುಪಾದದ್ದು ತನ್ನಿ. ಮೊದಲ ಎರಡು ಪ್ರಯತ್ನದಲ್ಲಿ ಉಬ್ಬು ಓರೆಯಾಯಿತು, ಕತ್ತರಿಸಿ ಮತ್ತೆ ಮಾಡಿದೆ.

ಕೂಲರಿಗೆ ಅಲ್ಯೂಮಿನಿಯಂ ಪಟ್ಟಿಯ ಬ್ರಾಕೆಟ್ ಮಾಡಿ, ರಬ್ಬರ್ ಬುಷ್ ಕೊಟ್ಟು, ರೇಡಿಯೇಟರ್ ಸಪೋರ್ಟಿಗೆ ಬೋಲ್ಟ್ ಹಾಕಿದೆ. ಕಂಡೆನ್ಸರಿನಿಂದ ಎರಡು ಬೆರಳಿನ ಅಂತರ. ಪೈಪಿನ ಬಾಯಿ ಮೇಲ್ಮುಖ, ಒಳಗೆ ಗಾಳಿ ನಿಲ್ಲಬಾರದಲ್ಲ. ಫ್ಯಾನು ಕೂಲರಿನ ಮುಂದೆ, ಗಾಳಿಯನ್ನು ಹಿಂದಕ್ಕೆ ತಳ್ಳುವಂತೆ. ವೈರ್ ಕೊಟ್ಟಮೇಲೆ ಪೇಪರಿನ ಒಂದು ಚೂರನ್ನು ಫ್ಯಾನಿನ ಮುಂದೆ ಹಿಡಿದು ನೋಡಿ, ಫ್ಯಾನು ಅದನ್ನು ತನ್ನ ಕಡೆ ಎಳೆಯಬೇಕು. ನನ್ನದು ಮೊದಲು ಪೇಪರನ್ನು ಆಚೆಗೆ ನೂಕಿತು, ವೈರ್ ಅದಲು ಬದಲಾಗಿತ್ತು. ಹಾಗೇ ಬಿಟ್ಟಿದ್ದರೆ ಎಂಜಿನ್ ಫ್ಯಾನಿನ ವಿರುದ್ಧ ಜಗಳ ಆಡುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೈ ಸ್ವಿಚ್ ಕೂಡ ಇಟ್ಟೆ. ಮಳೆಗಾಲದಲ್ಲಿ ಹಳ್ಳ ದಾಟುವ ಮುಂಚೆ ಫ್ಯಾನ್ ಆರಿಸಲೇಬೇಕು. ತಿರುಗುವ ರೆಕ್ಕೆ ನೀರಿಗೆ ಹೊಡೆದರೆ ಬಾಗಿ ಕೂಲರನ್ನೇ ಕೊರೆಯಬಹುದು.

ಕೂಲರ್, ಹೋಸ್ ತುಂಬಲು ಅರ್ಧ ಲೀಟರಿನಷ್ಟು ಎಣ್ಣೆ ಹೆಚ್ಚಿಗೆ ಬೇಕಾಯಿತು. ಒಂದೇ ಸಲ ಸುರಿಯಬೇಡಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಿಸಿಗೆ ಬಂದಮೇಲೆ, ಸಮನೆಲದಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಿ ಸ್ವಲ್ಪಸ್ವಲ್ಪವೇ ಹಾಕಿ. ಜಾಸ್ತಿಯಾದರೆ ನೊರೆ ಬರುತ್ತದೆ, ಅದು ಕಡಿಮೆಯಾದಷ್ಟೇ ಕೆಟ್ಟದ್ದು.

ಕೊಯ್ಲು ಮುಗಿಯುವ ಮುಂಚೆ ಅದೇ ಅರ್ಧ ಭಾರದಲ್ಲಿ ಮತ್ತೆ ಅಳತೆ ನೋಡಿದೆ. ಲೋ ರೇಂಜ್, ಫ್ಯಾನ್ ಆರಿಸಿ 103. ಫ್ಯಾನ್ ಹಾಕಿ 92. ಕೂಲರ್ ಒಂದೇ ಕೊಟ್ಟದ್ದು 6 ಡಿಗ್ರಿ, ಫ್ಯಾನ್ ಕೊಟ್ಟದ್ದು 11. ಹೈವೇಯಲ್ಲಿ ಎಳೆಯುವವರಿಗೆ ಫ್ಯಾನ್ ಬೇಡವೇನೋ. ನಡೆಯುವ ವೇಗದ ಗಾಡಿಗೆ ದೊಡ್ಡ ಕೂಲರಿಗಿಂತ ಅದೇ ಮುಖ್ಯ.

ಅಭ್ಯಾಸವನ್ನೂ ಬದಲಿಸಿಕೊಂಡಿದ್ದೇನೆ. ಕಣ ತಲುಪಿದ ಕೂಡಲೇ ಎಂಜಿನ್ ಆರಿಸುವುದಿಲ್ಲ, ಆರಿಸಿದರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಪಾರ್ಕಿಗೆ ಹಾಕಿ, ಮೂಟೆ ಇಳಿಸುವಷ್ಟು ಹೊತ್ತೂ ಓಡುತ್ತಿರಲು ಬಿಡುತ್ತೇನೆ. ಫೋನಿನಲ್ಲಿ 85 ಬಂದಮೇಲೆ ಕೀ ತಿರುಗಿಸುವುದು. ಕಣದ ಆಳುಗಳಿಗೂ ಈಗ ಇದು ಅಭ್ಯಾಸವಾಗಿದೆ. ಮೂಟೆ ಇಳಿಸುತ್ತಾ ‘ಎಷ್ಟಕ್ಕೆ ಬಂತು?’ ಎಂದು ಅವರೇ ಕೇಳುತ್ತಾರೆ.

ಈ ಸಲದ ಕೊಯ್ಲು ಮುಗಿದ ವಾರ ಮತ್ತೆ ಟಿಶ್ಯೂ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ. ಕೆಂಪಗೆ ಹರಡಿತು. ನಡುವೆ ಚುಕ್ಕೆ ಇರಲಿಲ್ಲ.