ಶಾಲೆಯ ಬ್ಯಾಂಡಿಗೆ ಸೇರಬೇಕಾ? ಸೆಲೆಕ್ಷನ್‌ಗೂ ಲೀಡರ್ ಆಗೋದಕ್ಕೂ ತಯಾರಿ ಹೀಗಿರಲಿ

ಜೂನ್ ಬಂತು ಅಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಬ್ಯಾಂಡ್ ಸೆಲೆಕ್ಷನ್ ಶುರು. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು "ಬ್ಯಾಂಡಿಗೆ ಸೇರೋರು ಸಂಜೆ ಗ್ರೌಂಡಿಗೆ ಬನ್ನಿ" ಅಂತಾರೆ. ಸಂಜೆ ನೋಡಿದರೆ ಬಂದಿರೋದು 60 ಮಕ್ಕಳು, ಇರೋದು 20 ವಾದ್ಯ. ಅಲ್ಲಿಂದ ಆಗಸ್ಟ್ 15ಕ್ಕೆ ಎಂಟು ಹತ್ತು ವಾರ ಅಷ್ಟೇ. ಅಆಇಈಯಿಂದ ಕಲಿಸುತ್ತಾ ಕೂರೋಕೆ ಮೇಷ್ಟ್ರಿಗೆ ಟೈಮ್ ಇರೋದಿಲ್ಲ. ಬೇಗ ಹಿಡಿಯೋ ಮಕ್ಕಳನ್ನು ಅವರು ಹುಡುಕುತ್ತಾರೆ.

ನಾನು ಶಾಲೆಯಲ್ಲಿ ಐದು ವರ್ಷ ಸೈಡ್ ಡ್ರಮ್ ಬಾರಿಸಿದವನು, ಕೊನೆಯ ವರ್ಷ ಬ್ಯಾಂಡ್ ಲೀಡರ್ ಆಗಿದ್ದೆ. ಈಗ ಶನಿವಾರ ಶನಿವಾರ ನಮ್ಮೂರಿನ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಾಗಾಗಿ ಸೆಲೆಕ್ಷನ್ ದಿನ ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ. ಮಕ್ಕಳೆಲ್ಲ ಒಂದು ತಪ್ಪೂ ಆಗಬಾರದು ಅಂತ ತಯಾರಾಗಿ ಬರುತ್ತಾರೆ. ಆದರೆ ತಪ್ಪು ಎಲ್ಲರಿಗೂ ಆಗುತ್ತದೆ. ನಾವು ಕಣ್ಣಿಟ್ಟು ನೋಡೋದು ತಪ್ಪಿದ ಮೇಲಿನ ಎರಡು ಸೆಕೆಂಡನ್ನು. ಕೆಲವರು ಅಲ್ಲೇ ನಿಂತುಬಿಡುತ್ತಾರೆ. ಕೆಲವರು ನಾಲಿಗೆ ಕಚ್ಚಿಕೊಂಡು ಮೇಷ್ಟ್ರ ಮುಖ ನೋಡುತ್ತಾರೆ. ಇನ್ನು ಒಬ್ಬರೋ ಇಬ್ಬರೋ ಇರುತ್ತಾರೆ, ಕೈ ತಪ್ಪಿದರೂ ಕಾಲು ನಿಲ್ಲಿಸದೆ ಮುಂದಿನ ಎಡಗಾಲಿಗೆ ಸರಿಯಾಗಿ ಬಂದು ಸೇರಿಕೊಳ್ಳುತ್ತಾರೆ. ಅವರನ್ನು ಕಣ್ಣುಮುಚ್ಚಿ ತಗೊಳ್ಳಬಹುದು. ಯಾಕಂದ್ರೆ ಪರೇಡ್ ನಡೆಯುವಾಗ ಯಾರೂ ನಿಮಗೋಸ್ಕರ ನಿಲ್ಲೋದಿಲ್ಲ.

ಇದು ಹುಟ್ಟಿನಿಂದ ಬರೋ ಗುಣ ಅಂದುಕೊಳ್ಳಬೇಡಿ, ಅಭ್ಯಾಸದಿಂದಲೇ ಬರುತ್ತದೆ. ಮೊದಲು ಕಾಲಿನಿಂದ ಶುರು ಮಾಡಿ. ಮನೆಯಲ್ಲಿ ಡ್ರಮ್ ಇಲ್ಲದಿದ್ದರೂ ಗೋಡೆ ಗಡಿಯಾರ ಇರುತ್ತದೆ ಅಲ್ವಾ? ತೇಜ್ ಚಲ್ ಅಂದರೆ ಪರೇಡಿನ ಚುರುಕು ನಡಿಗೆ, ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ಗಡಿಯಾರದ ಪ್ರತಿ ಟಿಕ್‌ಗೂ ಎಡಗಾಲು ಬೀಳಬೇಕು, ಎರಡು ಟಿಕ್‌ಗಳ ಸರಿಯಾಗಿ ಮಧ್ಯದಲ್ಲಿ ಬಲಗಾಲು. ಕದಂ ತಾಲ್ ಮಾಡಿ, ಅಂದರೆ ನಿಂತಲ್ಲೇ ಹೆಜ್ಜೆ ಹಾಕಿ, ಐದು ನಿಮಿಷ. ಸುಲಭ ಅನ್ನಿಸುತ್ತದೆ, ಆದರೆ ಎರಡನೇ ನಿಮಿಷಕ್ಕೆ ಗೊತ್ತಿಲ್ಲದೆ ಓಡೋಕೆ ಶುರು ಮಾಡಿರುತ್ತೀರಿ. ಅದು ಹಿಡಿತಕ್ಕೆ ಬಂದ ಮೇಲೆ ಬಾಯಲ್ಲಿ ಹೇಳಿಕೊಳ್ಳಿ: ಎಡಗಾಲಿಗೆ 'ತಕ', ಬಲಗಾಲಿಗೆ 'ಧಿಮಿ'. ಆಮೇಲೆ ಕಾಲಿನ ವೇಗ ಬದಲಾಗದ ಹಾಗೆ ಪ್ರತಿ ಹೆಜ್ಜೆಗೂ 'ತಕಿಟ' ಹೇಳಿ. ಮತ್ತೆ 'ತಕ ಧಿಮಿ'ಗೆ ವಾಪಸ್ ಬನ್ನಿ. ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಹೋಗುವಾಗ ಕಾಲು ಅಲ್ಲಾಡದಿದ್ದರೆ ಅರ್ಧ ಸೆಲೆಕ್ಷನ್ ಮುಗಿದ ಹಾಗೆ. ಮೃದಂಗವೋ ತಬಲಾವೋ ಕಲಿತ ಮಕ್ಕಳು ಬ್ಯಾಂಡ್‌ನಲ್ಲಿ ಬೇಗ ಮುಂದೆ ಬರೋದು ಇದೇ ಕಾರಣಕ್ಕೆ, ಲೆಕ್ಕ ಅವರ ಬಾಯಲ್ಲೇ ಇರುತ್ತದೆ.

ಈಗ ತಪ್ಪೋ ಅಭ್ಯಾಸ. ನಡೆಯುತ್ತಾ ಚಪ್ಪಾಳೆ ಹೊಡೆಯುತ್ತಿರಿ. ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರು ಯಾವಾಗ ಬೇಕಾದರೂ ನಿಮ್ಮ ಕೈ ಹಿಡಿದು ಎಳೆಯಬಹುದು. ಚಪ್ಪಾಳೆ ತಪ್ಪುತ್ತದೆ, ತಪ್ಪಲಿ. ಕಾಲು ನಿಲ್ಲಬಾರದು, ಮುಂದಿನ ಎಡಗಾಲಿಗೆ ಚಪ್ಪಾಳೆ ವಾಪಸ್ ಬರಬೇಕು. ನಾನು ಹೇಳಿಕೊಡುವ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಇದು.

ಸೈಡ್ ಡ್ರಮ್ ಬೇಕು ಅನ್ನೋರಿಗೆ: ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಒಂದು ಹಲಗೆಗೆ ಬಿಗಿಯಾಗಿ ಕಟ್ಟಿ, ಒಳ್ಳೆಯ ಪ್ಯಾಡ್ ಆಗುತ್ತದೆ, ಅಕ್ಕಪಕ್ಕದ ಮನೆಯವರಿಗೂ ತೊಂದರೆ ಇಲ್ಲ. ವಾರಕ್ಕೆ ಎರಡು ದಿನ ದಿಂಬಿನ ಮೇಲೆ ಬಾರಿಸಿ. ದಿಂಬಿನ ಮೇಲೆ ಕೋಲು ಪುಟಿಯೋದಿಲ್ಲ, ಎಲ್ಲ ಕೆಲಸ ಮಣಿಕಟ್ಟೇ ಮಾಡಬೇಕಾಗುತ್ತದೆ. ಮೊದಲು ಬಲ-ಎಡ-ಬಲ-ಎಡ, ಆಮೇಲೆ ಬಲ-ಬಲ-ಎಡ-ಎಡ, ಆಮೇಲೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಈ ಕೊನೆಯದಕ್ಕೆ ಪ್ಯಾರಾಡಿಡಲ್ ಅಂತ ಹೆಸರು. ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ, ಎರಡೂ ಕೋಲಿನ ತುದಿ ಒಂದೇ ಎತ್ತರಕ್ಕೆ ಏಳಬೇಕು. ಎಡಗೈ ಕೋಲು ಕೆಳಗೇ ಉಳಿಯುತ್ತಿದ್ದರೆ ಶಬ್ದವೂ ಕುಂಟುತ್ತದೆ. ಫೋನಿನಲ್ಲಿ ಮೆಟ್ರೋನೋಮ್ ಆ್ಯಪ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನೋದು) ಹಾಕಿಕೊಂಡು ನಿಮಿಷಕ್ಕೆ 60 ಟಿಕ್‌ನಲ್ಲಿ ಶುರು ಮಾಡಿ, ಎರಡು ನಿಮಿಷ ಒಂದೂ ತಪ್ಪದೆ ಬಂದರೆ ಮಾತ್ರ ಐದು ಏರಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಆರು ದಿನ ಸುಮ್ನೆ ಇದ್ದು ಭಾನುವಾರ ಎರಡು ಗಂಟೆ ಬಾರಿಸಿದರೆ ಕೈ ನೋವು ಬರುತ್ತದೆ, ಕಲಿಕೆ ಬರೋದಿಲ್ಲ.

ಡ್ರಮ್ಮಿನವರಿಗೆ ಇನ್ನೊಂದು ಗಟ್ಟಿ ಅಭ್ಯಾಸ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಬ್ಯಾಂಡ್ ರಾಷ್ಟ್ರಗೀತೆ ನುಡಿಸುವ ಮುಂಚೆ ಡ್ರಮ್ ರೋಲ್ ಇರಬೇಕು ಅಂತ ಕೇಂದ್ರ ಗೃಹ ಸಚಿವಾಲಯದ ನಿಯಮವೇ ಇದೆ, ಜನ ಎಚ್ಚೆತ್ತು ನಿಲ್ಲಲಿ ಅಂತ. ನಿಧಾನ ನಡಿಗೆಯ ಏಳು ಹೆಜ್ಜೆಗಳಷ್ಟು ಉದ್ದದ ರೋಲ್ ಅದು. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಾಗಿ ಏರಿ, ಮತ್ತೆ ಮೆಲ್ಲಗಾಗಬೇಕು, ಆದರೆ ಏಳನೇ ಎಣಿಕೆಯವರೆಗೂ ಕೇಳಿಸುತ್ತಿರಬೇಕು. ಆಮೇಲೆ ಒಂದು ಎಣಿಕೆ ಮೌನ. ಆಮೇಲೆ ರಾಷ್ಟ್ರಗೀತೆ, ಪೂರ್ತಿ ನುಡಿಸಿದರೆ ಸುಮಾರು 52 ಸೆಕೆಂಡು. ಜೋರಾಗಿ ಬಾರಿಸೋದು ಎಲ್ಲರಿಗೂ ಬರುತ್ತದೆ, ಇಳಿಯುವಾಗ ಸಮವಾಗಿ ಇಳಿಯೋದೇ ಕಷ್ಟ. ಸೆಲೆಕ್ಷನ್ನಿನಲ್ಲಿ "ಬೇರೆ ಏನಾದರೂ ಬರುತ್ತಾ?" ಅಂತ ಕೇಳಿದರೆ ಈ ರೋಲ್ ಬಾರಿಸಿ ತೋರಿಸಿ. ಮೇಷ್ಟ್ರು ತಲೆ ಎತ್ತಿ ನೋಡುತ್ತಾರೆ.

ಇನ್ನು ಊದೋ ವಾದ್ಯದವರಿಗೆ: ಬ್ಯೂಗಲ್‌ಗೆ ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಇಲ್ಲ, ಸ್ವರ ಬದಲಾಯಿಸೋದೆಲ್ಲ ತುಟಿ ಮತ್ತು ಉಸಿರು. ಟ್ರಂಪೆಟ್‌ಗೆ ಮೂರು ವಾಲ್ವ್ ಇದ್ದರೂ ತುಟಿಯ ಕೆಲಸ ಅಷ್ಟೇ ಇದೆ. ಕೆನ್ನೆ ಉಬ್ಬಿಸಿ ಊದಬೇಡಿ, ತುಟಿಯ ಎರಡು ಅಂಚು ಬಿಗಿ ಹಿಡಿದು ಹೊಟ್ಟೆಯಿಂದ ಉಸಿರು ಬಿಡಿ. ದಿನಾ ಒಂದೇ ಸ್ವರವನ್ನು ಎಂಟು ಎಣಿಕೆ ಅಲ್ಲಾಡದ ಹಾಗೆ ಹಿಡಿದು ನಿಲ್ಲಿಸೋ ಅಭ್ಯಾಸ ಮಾಡಿ. ಮಳೆಗಾಲದ ಬೆಳಿಗ್ಗೆ ಲೋಹ ತಣ್ಣಗಿದ್ದರೆ ಶ್ರುತಿ ಕೆಳಗೆ ಇಳಿದಿರುತ್ತದೆ, ನುಡಿಸುವ ಮುಂಚೆ ಶಬ್ದ ಬರದ ಹಾಗೆ ಬೆಚ್ಚಗಿನ ಉಸಿರು ಊದಿ. ತಿಂಡಿ ತಿಂದ ತಕ್ಷಣ ಊದಬೇಡಿ, ಬಾಯಿ ಮುಕ್ಕಳಿಸಿ. ಚಿತ್ರಾನ್ನದ ಕಡಲೆಬೀಜದ ಚೂರು ಮೌತ್‌ಪೀಸ್‌ನಲ್ಲಿ ಸಿಕ್ಕಿಕೊಂಡಿದ್ದನ್ನು ನಾನೇ ಕಡ್ಡಿ ಹಾಕಿ ತೆಗೆದಿದ್ದೇನೆ. ಕೊಳಲಿನವರು ಬಯಲಲ್ಲಿ ಅಭ್ಯಾಸ ಮಾಡಲೇಬೇಕು. ರೂಮಿನಲ್ಲಿ ಚೆನ್ನಾಗಿ ಕೇಳಿಸಿದ್ದು ಗ್ರೌಂಡಿನ ಗಾಳಿಗೆ ಹಾರಿಹೋಗುತ್ತದೆ.

ಸೆಲೆಕ್ಷನ್ ದಿನ ಕಷ್ಟದ್ದನ್ನು ಅರ್ಧ ಬಾರಿಸೋದಕ್ಕಿಂತ ಸುಲಭದ್ದನ್ನು ಪೂರ್ತಿ ಬಾರಿಸಿ. ಮೇಷ್ಟ್ರು ಚಪ್ಪಾಳೆಯಲ್ಲಿ ಒಂದು ನಡೆ ಹೊಡೆದು "ಹಾಗೇ ಹೊಡಿ" ಅಂತಾರೆ. ಅವರು ಹೊಡೆಯುವಾಗ ಜೊತೆಗೆ ಬೆರಳು ಆಡಿಸಬೇಡಿ, ಪೂರ್ತಿ ಕೇಳಿ, ಒಂದು ಸಲ ಬಾಯಲ್ಲಿ ಹೇಳಿಕೊಳ್ಳಿ, ಆಮೇಲೆ ಹೊಡೆಯಿರಿ. ಅರ್ಥವಾಗದಿದ್ದರೆ "ಇನ್ನೊಂದು ಸಲ, ಸರ್" ಅಂತ ಕೇಳೋದರಲ್ಲಿ ಏನೂ ತಪ್ಪಿಲ್ಲ. ನನ್ನ ಸೆಲೆಕ್ಷನ್ನಿನಲ್ಲಿ ಬೆವರಿಗೆ ಬಲಗೈ ಕೋಲು ಜಾರಿ ಬಿತ್ತು. ಏನು ಮಾಡಬೇಕೋ ತೋಚದೆ ಎಡಗೈಯಲ್ಲೇ ಎಡಗಾಲಿಗೊಂದು ಏಟು ಕೊಡುತ್ತಾ ಕೊನೆಯವರೆಗೂ ನಡೆದೆ. ಪಟ್ಟಿಯಲ್ಲಿ ಹೆಸರಿತ್ತು. ಮೇಷ್ಟ್ರು ಯಾಕೆ ತಗೊಂಡರು ಅಂತ ಅರ್ಥವಾಗಿದ್ದು ಎಷ್ಟೋ ವರ್ಷ ಆದ ಮೇಲೆ.

"ಯಾವ ವಾದ್ಯ ಬೇಕು?" ಅಂದರೆ 60ರಲ್ಲಿ 40 ಮಕ್ಕಳು ಸೈಡ್ ಡ್ರಮ್ ಅಂತಾರೆ. ನೀವು ಎರಡನೇ ಆಯ್ಕೆಯನ್ನೂ ಯೋಚಿಸಿಕೊಂಡು ಹೋಗಿ. ದೊಡ್ಡ ಡ್ರಮ್ ಭಾರ ಅಂತ ಯಾರೂ ಕೇಳೋದಿಲ್ಲ, ಆದರೆ ಇಡೀ ಬ್ಯಾಂಡ್ ನಡೆಯೋದು ಎಡಗಾಲಿಗೆ ಬೀಳುವ ಅದರ 'ಢಂ' ಮೇಲೆ. ನನ್ನ ಪ್ರಕಾರ ಬ್ಯಾಂಡ್‌ನಲ್ಲಿ ಅದಕ್ಕಿಂತ ಜವಾಬ್ದಾರಿಯ ವಾದ್ಯ ಇನ್ನೊಂದಿಲ್ಲ.

ಲೀಡರ್ ವಿಷಯಕ್ಕೆ ಬರೋಣ. ಕೆಲವು ಶಾಲೆಗಳಲ್ಲಿ ಮೇಷ್ಟ್ರೇ ಆರಿಸುತ್ತಾರೆ, ಕೆಲವು ಕಡೆ ಇಂಟರ್‌ವ್ಯೂ ಇರುತ್ತದೆ, ಕೆಲವು ಕಡೆ ಮಕ್ಕಳೇ ಕೈ ಎತ್ತುತ್ತಾರೆ. ಯಾವುದೇ ಇರಲಿ, ಹೆಸರು ಹೇಳುವ ದಿನಕ್ಕಿಂತ ಒಂದು ವರ್ಷ ಮುಂಚೆಯೇ ಅದು ತೀರ್ಮಾನ ಆಗಿರುತ್ತದೆ. ಸ್ಟೋರ್ ರೂಮಿನ ಬೀಗ ತೆಗೆಯೋಕೆ ಯಾರು ಮೊದಲು ಬರುತ್ತಾರೆ, ಸಿಂಬಲ್ಸ್ ಒರೆಸಿ ಇಡೋದು ಯಾರು, ಹೊಸ ಮಗುವಿಗೆ ಡ್ರಮ್ಮಿನ ಬೆಲ್ಟ್ ಉದ್ದ ಸರಿ ಮಾಡಿಕೊಡೋದು ಯಾರು, ಇದನ್ನೆಲ್ಲ ಮೇಷ್ಟ್ರು ಬಾಯಿಬಿಟ್ಟು ಹೇಳದಿದ್ದರೂ ನೋಡುತ್ತಿರುತ್ತಾರೆ. ಲೀಡರ್ ಆಗಬೇಕು ಅನ್ನೋರು ಒಂಬತ್ತನೇ ಕ್ಲಾಸಿನಲ್ಲೇ ಎಲ್ಲ ವಾದ್ಯದ ನಡೆಯನ್ನೂ ಬಾಯಲ್ಲಿ ಹೇಳೋಕೆ ಕಲಿಯಿರಿ. ಎಲ್ಲವನ್ನೂ ನುಡಿಸಬೇಕಾಗಿಲ್ಲ, ಯಾರು ಎಲ್ಲಿ ತಪ್ಪಿದರು ಅಂತ ಕಿವಿಗೆ ಗೊತ್ತಾದರೆ ಸಾಕು.

ನಾನು ಲೀಡರ್ ಆದ ಹೊಸದರಲ್ಲಿ ಟ್ರಯಾಂಗಲ್ ಬಾರಿಸುತ್ತಿದ್ದ ಆರನೇ ಕ್ಲಾಸಿನ ಹುಡುಗಿಯನ್ನು ಎಲ್ಲರ ಮುಂದೆ ಗದರಿಬಿಟ್ಟೆ. ಮೂರು ಸಲ ಹೇಳಿದರೂ ತಡವಾಗಿಯೇ ಬಾರಿಸುತ್ತಿದ್ದಳು. ಮಾರನೇ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳ ಜಾಗದಲ್ಲಿ ನಾನೇ ಹೋಗಿ ನಿಂತಾಗ ಗೊತ್ತಾಯಿತು, ಕೊನೆಯ ಸಾಲಿಗೆ ಮುಂದಿನ ಡ್ರಮ್ಮಿನ ಶಬ್ದವೇ ಒಂದು ಕ್ಷಣ ತಡವಾಗಿ ಬರುತ್ತದೆ. ಅವಳು ಕೇಳಿಸಿದ್ದಕ್ಕೆ ಸರಿಯಾಗಿಯೇ ಬಾರಿಸುತ್ತಿದ್ದಳು. ಕಿವಿ ಬಿಟ್ಟು ಮುಂದಿನವರ ಕಾಲು ನೋಡು ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ. ಆದ್ದರಿಂದ ಲೀಡರ್ ಆದವರು ವಾರಕ್ಕೊಮ್ಮೆ ಕೊನೆಯ ಸಾಲಿನಲ್ಲಿ ನಿಂತು ಕೇಳಿ. ತಪ್ಪು ಹೇಳುವಾಗ ಹೆಸರಿಂದ ಶುರು ಮಾಡಬೇಡಿ, ಜಾಗದಿಂದ ಶುರು ಮಾಡಿ: "ಎರಡನೇ ಸಲ ತಿರುಗಿ ಬರುವಾಗ ಸಿಂಬಲ್ಸ್ ಒಂದು ಎಣಿಕೆ ಮುಂಚೆ ಬರ್ತಿದೆ, ಮತ್ತೆ ಅಲ್ಲಿಂದಲೇ." ಇಷ್ಟು ಸಾಕು, ಯಾರಿಗೆ ತಾಗಬೇಕೋ ತಾಗುತ್ತದೆ.

ಕಮಾಂಡ್ ಕೊಡೋದನ್ನು ಬಯಲಲ್ಲಿ, ದೂರದಲ್ಲಿ ಗೆಳೆಯನನ್ನು ನಿಲ್ಲಿಸಿ ಅಭ್ಯಾಸ ಮಾಡಿ. ಮೊದಲ ಮಾತು ಎಳೆದು ಹೇಳಬೇಕು, ಕೊನೆಯದು ಚಾಟಿ ಏಟಿನ ಹಾಗೆ ಬೀಳಬೇಕು: "ಬ್ಯಾಂ...ಡ್, ತೇಜ್... ಚಲ್!" ಗಂಟಲಿಂದ ಕಿರುಚಿದರೆ ಒಂದೇ ವಾರಕ್ಕೆ ಗಂಟಲು ಕೂರುತ್ತದೆ. ನಿಲ್ಲಿಸೋ ಕಮಾಂಡ್ 'ಥಮ್' ಅನ್ನು ಯಾವ ಕಾಲಿಗೆ ಹೇಳಬೇಕು ಅಂತ ಮೇಷ್ಟ್ರನ್ನು ಕೇಳಿಕೊಂಡು ದಿನಾ ಅದೇ ಕಾಲಿಗೆ ಹೇಳಿ. ಮುಂದೆ ಕೋಲು ಹಿಡಿದು ನಡೆಯೋರಾದರೆ ಒಂದು ನೆನಪಿರಲಿ, ಬ್ಯಾಂಡಿಗೆ ಕಾಣೋದು ನಿಮ್ಮ ಬೆನ್ನು. ಸನ್ನೆಯೆಲ್ಲ ತಲೆಗಿಂತ ಮೇಲೆ ಇರಬೇಕು, ನಿಲ್ಲಿಸೋ ಸನ್ನೆ ಸಾಕಷ್ಟು ಮುಂಚೆಯೇ ಏಳಬೇಕು. ಮನೆಯಲ್ಲಿ ಬಿದಿರು ಕೋಲು ಹಿಡಿದು ಅಭ್ಯಾಸ ಮಾಡಬಹುದು. ದಸರಾದಲ್ಲಿ ಮೈಸೂರಿಗೆ ಹೋಗೋ ಅವಕಾಶ ಸಿಕ್ಕರೆ ಪೊಲೀಸ್ ಬ್ಯಾಂಡನ್ನು ತಪ್ಪದೆ ನೋಡಿ. ಅಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡ್ ಬೇರೆ. ಮುಂದೆ ಇರುವವರ ಕೈಯನ್ನೇ ನೋಡುತ್ತಿರಿ, ಫೋನಿನಲ್ಲಿ ಆಮೇಲೆ ನೋಡಬಹುದು.

ಪರೇಡ್ ದಿನ ಲೀಡರ್ ಜೇಬಿನಲ್ಲಿ ಗಟ್ಟಿ ದಾರ, ನಾಲ್ಕು ಸೇಫ್ಟಿ ಪಿನ್, ಒಂದು ಒಣ ಬಟ್ಟೆ ಇರಲಿ, ಹೆಚ್ಚುವರಿ ಕೋಲು ಹಿಂದಿನ ಸಾಲಿನವರ ಹತ್ತಿರ ಇರಲಿ. ಒಂದು ಸಲ ತಾಲ್ಲೂಕು ಕ್ರೀಡಾಂಗಣದಲ್ಲಿ ನಮ್ಮ ದೊಡ್ಡ ಡ್ರಮ್ಮಿನ ಬೆಲ್ಟ್ ನಡೆಯುವಾಗಲೇ ಕಿತ್ತುಹೋಯಿತು. ಆ ಹುಡುಗ ಡ್ರಮ್ಮನ್ನು ಅಪ್ಪಿಕೊಂಡೇ ನಡೆದ, ಪಕ್ಕದ ಸೈಡ್ ಡ್ರಮ್ಮಿನವರು ಎಡಗಾಲಿನ ಏಟನ್ನು ತಮ್ಮ ಮೇಲೆ ಹಾಕಿಕೊಂಡರು. ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತೇ ಆಗಲಿಲ್ಲ. ದೊಡ್ಡ ಡ್ರಮ್ ನಿಂತರೆ ಯಾರು ಹಿಡಿಯಬೇಕು ಅಂತ ನಾವು ಮುಂಚೆಯೇ ಮಾತಾಡಿಕೊಂಡಿದ್ದೆವು. ನೀವೂ ಮಾತಾಡಿಕೊಂಡಿರಿ.

ಲೀಡರ್ ಕೆಲಸದಲ್ಲಿ ಕಾಗದದ ಕೆಲಸವೂ ಸ್ವಲ್ಪ ಇದೆ. ಕೇಂದ್ರದ ಶಿಕ್ಷಣ ಮತ್ತು ರಕ್ಷಣಾ ಸಚಿವಾಲಯಗಳು ಗಣರಾಜ್ಯೋತ್ಸವದ ಹೊತ್ತಿಗೆ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸುತ್ತವೆ. ಬ್ರಾಸ್ ಬ್ಯಾಂಡ್ (ಟ್ರಂಪೆಟ್ ಥರದ ಹಿತ್ತಾಳೆ ವಾದ್ಯದ್ದು), ಪೈಪ್ ಬ್ಯಾಂಡ್ (ಬ್ಯಾಗ್‌ಪೈಪ್‌ನದು) ಅಂತ ಎರಡು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ರಾಜ್ಯ ಮಟ್ಟದಲ್ಲಿ ಗೆದ್ದವರು ವಲಯಕ್ಕೆ, ಅಲ್ಲಿಂದ ದೆಹಲಿಗೆ. ಸುತ್ತೋಲೆ ಬಂದಿದೆಯಾ ಅಂತ ಮೇಷ್ಟ್ರನ್ನು ಆಗಾಗ ಕೇಳುತ್ತಿರಿ.

ಪಟ್ಟಿಯಲ್ಲಿ ಹೆಸರು ಬರದಿದ್ದರೆ ಅವತ್ತು ಅಳು ಬರುತ್ತದೆ, ಬರಲಿ. ಮಾರನೇ ದಿನ ಮೇಷ್ಟ್ರ ಹತ್ತಿರ ಹೋಗಿ "ನಾನು ಎಲ್ಲಿ ಸರಿ ಮಾಡಿಕೊಳ್ಳಬೇಕು, ಸರ್?" ಅಂತ ಕೇಳಿ, ವಾದ್ಯ ಎತ್ತಿಡೋಕೆ ಬರಲಾ ಅಂತಲೂ ಕೇಳಿ. ಜುಲೈ ಮಳೆಗೆ ಒಬ್ಬರಲ್ಲ ಒಬ್ಬರು ಜ್ವರ ಬಂದು ಮಲಗುತ್ತಾರೆ, ಆಗ ಅಲ್ಲೇ ನಿಂತಿರುವ ಮಗುವಿನ ಕೈಗೆ ಕೋಲು ಬರುತ್ತದೆ.

ಹತ್ತನೇ ಕ್ಲಾಸಿನ ಲೀಡರ್‌ಗಳಿಗೆ ಒಂದು ಮಾತು. ಜನವರಿ 26 ಮುಗಿದರೆ ನೀವು ಪರೀಕ್ಷೆ ಅಂತ ಹೊರಟುಬಿಡುತ್ತೀರಿ. ಹಾಗಾಗಿ ರಾಜ್ಯೋತ್ಸವ ಆದ ಮೇಲೆ ವಾರಕ್ಕೆ ಒಂದು ದಿನ ಒಂಬತ್ತನೇ ಕ್ಲಾಸಿನವರ ಕೈಗೆ ಬ್ಯಾಂಡ್ ಕೊಡಿ. ಕಮಾಂಡ್ ಅವರೇ ಕೊಡಲಿ, ಸ್ಟೋರ್ ರೂಮಿನ ಬೀಗವೂ ಅವರ ಹತ್ತಿರವೇ ಇರಲಿ. ನೀವು ಅವತ್ತು ಕೊನೆಯ ಸಾಲಿಗೆ ಹೋಗಿ ಟ್ರಯಾಂಗಲ್ ಹಿಡಿಯಿರಿ.