ಮಾಸಾಶನದಲ್ಲಿ ತಿಂಗಳು ದಾಟಿಸಿ, ಬೆಳಗಿನ ಹೊತ್ತು ಉಳಿಸಿಕೊಳ್ಳುವುದು ಹೇಗೆ

ಬೆನ್ನಿನ ಆಪರೇಷನ್ ಆದ ಮೇಲೆ ನನಗೆ ಕೆಲಸಕ್ಕೆ ಹೋಗಲು ಆಗಲಿಲ್ಲ. ಆರು ವರ್ಷದಿಂದ ಸರ್ಕಾರದ ಮಾಸಾಶನವೇ ಆದಾಯ. ಮೊದಲ ವರ್ಷವೆಲ್ಲ ಮನೆಯಲ್ಲಿ ಏನೇನಿಲ್ಲ ಅಂತ ಎಣಿಸುವುದರಲ್ಲೇ ಕಳೆಯಿತು. ದುಡ್ಡು ಕಮ್ಮಿ, ನಿಜ. ಆದರೆ ಹೊತ್ತು ಕೈತುಂಬಾ ಇದೆ. ಅದನ್ನು ಕಾಪಾಡಿಕೊಳ್ಳಲು ನಾನು ಮಾಡುವುದನ್ನು ಹೇಳುತ್ತೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಹಾಸಿಗೆ ಅಳೆಯಬೇಕಲ್ವಾ? ದುಡ್ಡು ಬಂದ ದಿನವೇ ಬಾಡಿಗೆ, ಕರೆಂಟು, ಔಷಧಿಯದ್ದು ಎತ್ತಿಡಿ. ಉಳಿದದ್ದನ್ನು ಐದು ಪಾಲು ಮಾಡಿ, ನಾಲ್ಕಲ್ಲ. ನಾಲ್ಕು ವಾರಕ್ಕೆ 28 ದಿನ, ಫೆಬ್ರವರಿ ಬಿಟ್ಟರೆ ತಿಂಗಳಿಗೆ 30 ಇಲ್ಲವೇ 31. ನಾನು ಸಾಲ ಕೇಳುತ್ತಿದ್ದದ್ದು ಆ ಎರಡು ಮೂರು ದಿನಕ್ಕೇ. ನನ್ನ ಐದು ಕವರ್‌ಗಳ ಅಂಚು ಸವೆದು ಈಗ ಬಟ್ಟೆಯಷ್ಟು ಮೆತ್ತಗಾಗಿವೆ. ವಾರಕ್ಕೊಂದು ತೆಗೆಯುತ್ತೇನೆ. ಐದನೆಯದರಲ್ಲಿ ಮಿಕ್ಕಿದ್ದು ಚಪ್ಪಲಿಗೆ, ಕನ್ನಡಕಕ್ಕೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ವಿಳಾಸ, ಬ್ಯಾಂಕ್ ಖಾತೆ, ಮನೆಯವರ ಆದಾಯ, ಯಾವುದು ಬದಲಾದರೂ ತಕ್ಷಣ ಮಾಸಾಶನದ ಕಚೇರಿಗೆ ಬರೆದು ತಿಳಿಸಿ, ಸೀಲು ಹಾಕಿಸಿದ ನಕಲು ಇಟ್ಟುಕೊಳ್ಳಿ. ಒಮ್ಮೆ ನನ್ನ ಮಾಸಾಶನ ಎರಡು ತಿಂಗಳು ನಿಂತಿತ್ತು. ಅರ್ಜಿಯೇ ಬಂದಿಲ್ಲ ಎಂದರು. ನಕಲು ತೋರಿಸಿದ ಮೇಲೆ ಬಾಕಿ ಸಮೇತ ಬಂತು.

ಕಂತಿನಲ್ಲಿ ಏನನ್ನೂ ಕೊಳ್ಳಬೇಡಿ. ತಿಂಗಳಿಗೆ ನೂರಕ್ಕೆ 3 ಬಡ್ಡಿ ಅಂದರೆ ಸಣ್ಣದು ಅನ್ನಿಸುತ್ತದೆ. ಕಟ್ಟದೆ ಬಿಟ್ಟರೆ ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42 ದಾಟುತ್ತದೆ.

ಉಳಿತಾಯ ಅಂತ ಕತ್ತಲಲ್ಲಿ ಕೂರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದರೆ ಆಗುವ ಖರ್ಚು, ಒಂದು ಲೀಟರ್ ತಣ್ಣೀರನ್ನು ಕರೆಂಟಿನಲ್ಲಿ ಕುದಿಸುವ ಖರ್ಚಿಗೆ ಹೆಚ್ಚುಕಮ್ಮಿ ಸಮ. ಹಾಗಾಗಿ ಬೇಕಾದಷ್ಟೇ ನೀರು ಕಾಯಿಸಿ, ಪಾತ್ರೆಗೆ ಮುಚ್ಚಳ ಹಾಕಿ. ರಾತ್ರಿ ದೀಪ ಹಚ್ಚಿಕೊಂಡು ಆರಾಮಾಗಿ ಓದಿ. ಔಷಧಿ, ಫೋನಿನ ರೀಚಾರ್ಜು, ಗೆಳೆಯರ ಮನೆಗೆ ಹೋಗುವ ಬಸ್ ಚಾರ್ಜು, ಇವಕ್ಕೂ ಕತ್ತರಿ ಹಾಕಬೇಡಿ.

ವಸ್ತು ತರುವ ಮುಂಚೆ ಅದು ನನ್ನಿಂದ ಎಷ್ಟು ಹೊತ್ತು ಕೇಳುತ್ತದೆ ಅಂತ ಯೋಚಿಸುತ್ತೇನೆ. ದೊಡ್ಡ ಟಿವಿ ಕೆಟ್ಟಾಗ ರಿಪೇರಿಗೆ ಅಂತ ನಾಲ್ಕು ದಿನ ಬೆಳಗ್ಗೆ ಅಲೆದೆ. ಸರಿಯಾದ ಮೇಲೆ ತಂಗಿಗೆ ಕೊಟ್ಟುಬಿಟ್ಟೆ. ವರ್ಷಕ್ಕೊಮ್ಮೆ ಬೇಕಾಗುವ ಏಣಿ, ಡ್ರಿಲ್ಲು ಪಕ್ಕದವರಿಂದ ತರುತ್ತೇನೆ. ಒರೆಸಿ ವಾಪಸ್ ಕೊಡುತ್ತೇನೆ.

ಬಿಡುವಿಗೂ ಒಂದು ವೇಳೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ದಿನ ಸುಮ್ನೆ ಜಾರಿಹೋಗುತ್ತದೆ. ಹತ್ತರಿಂದ ಹನ್ನೆರಡರವರೆಗೆ ನಾನು ಗ್ರಂಥಾಲಯದಲ್ಲಿರುತ್ತೇನೆ. ಬುಧವಾರ ಅಲ್ಲಿನ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತೇನೆ. ಸಂಬಳವಿಲ್ಲದ ಕೆಲಸವಾದರೂ ಮಾಸಾಶನದ ಕಚೇರಿಯಲ್ಲಿ ಮೊದಲೇ ಕೇಳಿಕೊಂಡೆ, ನೀವೂ ಕೇಳಿ. ದಾರಕ್ಕೆ ಮೇಣ ಸವರಿದರೆ ಸಿಕ್ಕಾಗುವುದಿಲ್ಲ. ಹಾಳೆಗಳ ಮಡಿಕೆಯಲ್ಲಿ ಮೊದಲು ದಬ್ಬಳದಿಂದ ತೂತು ಮಾಡಿಕೊಂಡು, ಆಮೇಲೆ ಸೂಜಿ ಹಾಯಿಸುತ್ತೇನೆ. ಹೋದ ವಾರ ಹೊಲಿದ ಮಕ್ಕಳ ಕಥೆ ಪುಸ್ತಕವನ್ನು ಒಬ್ಬ ಹುಡುಗಿ ಅಂಟು ಪೂರ್ತಿ ಒಣಗುವ ಮುಂಚೆಯೇ ಎತ್ತಿಕೊಂಡು ಹೋದಳು.